ಆರಕ್ಕೆ ಎರಡು ವಂಶಾವಳಿ

‘ಗ್ರೂಪ್’, ‘ರಿಂಗ್’, ‘ಫೀಲ್ಡ್’ ಎಂಬ ಮೂರು ಮಾತುಗಳನ್ನು ನಾನು ಮೊದಲು ಕಂಡದ್ದು ಬೀಜಗಣಿತದ ಪುಸ್ತಕವೊಂದರ ಲಕ್ಷಣವಾಕ್ಯಗಳಲ್ಲಿ. ಇಂತಿಂಥ ನಿಯಮಗಳನ್ನು ಪಾಲಿಸುವ ಸಮೂಹಕ್ಕೆ ಇಂಥ ಹೆಸರು, ಅಷ್ಟೆ. ವ್ಯಾಕರಣಸೂತ್ರಗಳಂತೆ ಅವನ್ನು ಕಂಠಪಾಠ ಮಾಡಿದೆ. ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದೆ. ಈ ನಿಯಮಗಳು ಯಾರಿಗೆ, ಏತಕ್ಕೆ ಬೇಕಾದುವೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಹುಕಾಲದ ತರುವಾಯ, 1847ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯಲ್ಲಿ ನಡೆದ ಪ್ರಸಂಗವೊಂದನ್ನು ಓದಿದಾಗಲೇ, ಆ ಮೂರರಲ್ಲಿ ‘ರಿಂಗ್’ ಎಂಬುದಾದರೂ ಏಕೆ ಹುಟ್ಟಿತೆಂದು ನನಗೆ ತಿಳಿದದ್ದು.

ಆ ವರ್ಷದ ಮಾರ್ಚ್ 1ರಂದು ಗೇಬ್ರಿಯಲ್ ಲಾಮೆ ಎಂಬ ಗಣಿತಜ್ಞನು ಸಭೆಯ ಮುಂದೆ ನಿಂತು, ಫರ್ಮಾನ ಪ್ರಮೇಯವನ್ನು ತಾನು ಸಾಧಿಸಿರುವುದಾಗಿ ಸಾರಿದನು. ಎರಡು ವರ್ಗಸಂಖ್ಯೆಗಳು ಸೇರಿ ಮತ್ತೊಂದು ವರ್ಗವಾಗುವುದುಂಟು: 9 ಮತ್ತು 16 ಸೇರಿ 25. ಸೊನ್ನೆಯನ್ನು ಬಿಟ್ಟರೆ, ಘನಗಳಲ್ಲಾಗಲಿ ಅದಕ್ಕೂ ಮೇಲಿನ ಘಾತಗಳಲ್ಲಾಗಲಿ ಹೀಗೆ ಎಂದೂ ಆಗದೆಂಬುದು ಹದಿನೇಳನೆಯ ಶತಮಾನದ ಫರ್ಮಾನ ಮಾತು. ಲಾಮೆ ಸಾಮಾನ್ಯನಲ್ಲ, ಏಳನೆಯ ಘಾತದ ಮಟ್ಟಿಗೆ ಇದನ್ನು 1839ರಲ್ಲಿಯೇ ಸಾಧಿಸಿದ್ದವನು. ಈಗ ಆತ ಹೂಡಿದ ಉಪಾಯವೆಂದರೆ, ಪೂರ್ಣಾಂಕಗಳ ಜೊತೆಗೆ ಕೆಲವು ಸಂಮಿಶ್ರ ಸಂಖ್ಯೆಗಳನ್ನೂ ಸೇರಿಸಿಕೊಂಡು ಆ ಮೊತ್ತವನ್ನು ಅಪವರ್ತನಗಳಾಗಿ ಒಡೆಯುವುದು. ಇದರ ಸುಳಿವು ಲಿಯೂವಿಲ್‌ನಿಂದ ದೊರೆಯಿತೆಂದು ಉದಾರವಾಗಿ ಹೇಳಿದನು. ಲಿಯೂವಿಲ್ ಎದ್ದು ಆ ಗೌರವವನ್ನು ನಿರಾಕರಿಸಿದ್ದಲ್ಲದೆ ಒಂದು ಸಂದೇಹವನ್ನೂ ಎತ್ತಿದನು: ಈ ಹೊಸ ಸಂಖ್ಯೆಗಳು ಒಂದೇ ಬಗೆಯಾಗಿ ಒಡೆಯುತ್ತವೆಂಬುದಕ್ಕೆ ಆಧಾರವೇನು?

ಇದೊಂದು ತಂಟೆಯ ಪ್ರಶ್ನೆಯೆಂದು ತೋರೀತು. 12ನ್ನು ಹೇಗೆ ಒಡೆದರೂ ಕೊನೆಗೆ ಉಳಿಯುವುದು ಎರಡು 2, ಒಂದು 3. ಆದರೆ ಋಣ 5ರ ವರ್ಗಮೂಲವನ್ನು ಸಂಖ್ಯೆಗಳ ಪಂಕ್ತಿಯಲ್ಲಿ ಕೂರಿಸಿ ನೋಡಿ. (ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಭಾಸ್ಕರಾಚಾರ್ಯರು ‘ಬೀಜಗಣಿತ’ದಲ್ಲಿ ಹೇಳಿದ್ದಾರೆ, ಅವರ ಕ್ಷಮೆ ಬೇಡಿ ಮುಂದುವರಿಯುತ್ತೇನೆ.) ಅದನ್ನು ‘ಅ’ ಎನ್ನೋಣ, ಅದನ್ನು ಅದರಿಂದಲೇ ಗುಣಿಸಿದರೆ −5. ಈಗ 1+ಅ ಎಂಬುದನ್ನು 1−ಅ ಎಂಬುದರಿಂದ ಗುಣಿಸಿದರೆ ಬರುವುದು 1+5, ಎಂದರೆ 6. ಎರಡು ಮೂರಲೂ ಆರೇ ಅಷ್ಟೆ! ಈ ನಾಲ್ಕರಲ್ಲಿ ಒಂದನ್ನೂ ಆ ಸಂಖ್ಯಾಲೋಕದೊಳಗೆ ಇನ್ನೂ ಸಣ್ಣದಾಗಿ ಒಡೆಯಲಾಗದು. ಒಡೆಯಬೇಕಾದರೆ, ಒಂದು ವರ್ಗವೂ ಇನ್ನೊಂದು ವರ್ಗದ ಐದರಷ್ಟೂ ಸೇರಿ 2 ಅಥವಾ 3 ಆಗಬೇಕು. ವಾಚಕರು ಯತ್ನಿಸಿ ನೋಡಬಹುದು, ಆಗುವುದಿಲ್ಲ. ಒಂದೇ ಆರಕ್ಕೆ ಎರಡು ವಂಶಾವಳಿ!

ಲಾಮೆ ಬಳಸಿದ ಸಂಖ್ಯೆಗಳು ಬೇರೆ. ಅಲ್ಲಿ ಈ ಕೇಡು 23ನೆಯ ಘಾತದವರೆಗೆ ಅಡಗಿಕೊಂಡಿರುತ್ತದೆ. ಆದುದರಿಂದ ಆತನೂ ಕೋಶಿಯೂ ಪೈಪೋಟಿಯಿಂದ ತಂತಮ್ಮ ಬರಹಗಳನ್ನು ಮುದ್ರೆಯೊತ್ತಿದ ಲಕೋಟೆಗಳಲ್ಲಿ ಅಕಾಡೆಮಿಗೆ ಒಪ್ಪಿಸಿದರು. ಮೇ 24ರಂದು ಬ್ರೆಸ್ಲೌದಿಂದ ಕುಮ್ಮರ್ ಬರೆದ ಪತ್ರವನ್ನು ಸಭೆಯಲ್ಲಿ ಓದಲಾಯಿತು. ಆ ಏಕರೂಪತೆ ಸುಳ್ಳೆಂದು ತಾನು ಮೂರು ವರ್ಷ ಹಿಂದೆಯೇ, 1844ರಲ್ಲಿ, ಪ್ರಕಟಿಸಿರುವುದಾಗಿ ಅದರಲ್ಲಿತ್ತು. ಲಾಮೆಯ ಸಾಧನೆ ಅಲ್ಲಿಗೆ ಕುಸಿಯಿತು.

ನನಗೆ ಹೆಚ್ಚು ಪ್ರಿಯವಾದ ಭಾಗ ಇದರ ಮುಂದಿನದು. ಕುಮ್ಮರ್ ಮನೆ ಕೆಡವಿ ಹೊರಟುಹೋಗುವವನಲ್ಲ. ಕಾಣುವ ಅಪವರ್ತನಗಳ ಹಿಂದೆ ಕಾಣದ ‘ಆದರ್ಶ ಸಂಖ್ಯೆ’ಗಳಿವೆಯೆಂದು ಆತ ಬಗೆದನು. ರಸಾಯನಶಾಸ್ತ್ರದಲ್ಲಿ ಫ್ಲೋರೀನನ್ನು ಯಾರೂ ಬೇರ್ಪಡಿಸಿ ಕಂಡಿಲ್ಲವಾದರೂ ಅದು ಇದೆಯೆಂದು ನಂಬುವುದಿಲ್ಲವೆ, ಹಾಗೆ ಎಂಬುದು ಆತನೇ ಕೊಟ್ಟ ಹೋಲಿಕೆ. (ಫ್ಲೋರೀನ್ ಕೈಗೆ ಸಿಕ್ಕಿದ್ದು 1886ರಲ್ಲಿ.) ನಮ್ಮ ಆರಕ್ಕೆ ಇದನ್ನು ಹಚ್ಚಿದರೆ, ಅದರೊಳಗೆ ನಾಲ್ಕು ಆದರ್ಶ ತುಣುಕುಗಳಿವೆ, ಅವುಗಳಲ್ಲಿ ಎರಡು ಒಂದೇ ರೂಪದವು. ಆ ಅವಳಿಗಳು ಜೊತೆಯಾದರೆ 2, ಉಳಿದ ಜೋಡಿ ಸೇರಿದರೆ 3. ಅವಳಿಗಳನ್ನು ಅಗಲಿಸಿ, ಉಳಿದ ಎರಡರಲ್ಲಿ ಒಂದೊಂದರ ಜೊತೆಗೆ ಸೇರಿಸಿದರೆ 1+ಅ ಮತ್ತು 1−ಅ. ವಂಶ ಒಂದೇ, ಜೋಡಣೆ ಮಾತ್ರ ಬೇರೆ.

1871ರಲ್ಲಿ ಡೆಡೆಕಿಂಡ್ ಈ ಛಾಯೆಗಳಿಗೆ ಶರೀರ ಕೊಟ್ಟನು: ಕಾಣದ ಸಂಖ್ಯೆಯನ್ನು ಹುಡುಕುವ ಬದಲು, ಅದರಿಂದ ಭಾಗವಾಗತಕ್ಕ ಸಂಖ್ಯೆಗಳೆಲ್ಲದರ ಸಮೂಹವನ್ನೇ ಒಂದು ವಸ್ತುವೆಂದು ಎಣಿಸಿದನು. ಅದೇ ‘ಐಡಿಯಲ್’. ಇಂಥ ಸಂಖ್ಯಾಲೋಕಗಳಲ್ಲಿ ಕೂಡಿದರೂ ಕಳೆದರೂ ಗುಣಿಸಿದರೂ ಹೊರಗೆ ಹೋಗುವಂತಿಲ್ಲ; ಭಾಗಿಸುವುದಕ್ಕೆ ಮಾತ್ರ ಭರವಸೆಯಿಲ್ಲ. 1897ರಲ್ಲಿ ಹಿಲ್ಬರ್ಟ್ ಇವನ್ನು ‘ರಿಂಗ್’ ಎಂದು ಕರೆದನು. ಸೊನ್ನೆಯೊಂದನ್ನುಳಿದು ಭಾಗಾಕಾರವೂ ಸಲ್ಲುವುದಾದರೆ, ಭಿನ್ನರಾಶಿಗಳಲ್ಲಿರುವಂತೆ, ಅದು ‘ಫೀಲ್ಡ್’. ಒಂದೇ ಕ್ರಿಯೆ, ಅದನ್ನು ಹಿಂದಿರುಗಿಸುವ ದಾರಿ, ಇಷ್ಟಿದ್ದರೆ ಸಾಮಾನ್ಯವಾಗಿ ‘ಗ್ರೂಪ್’. ಫೀಲ್ಡಿನಲ್ಲಿ ಎಲ್ಲವೂ ಎಲ್ಲವನ್ನೂ ಭಾಗಿಸುವುದರಿಂದ ಅಪವರ್ತನಕ್ಕೆ ಅರ್ಥವೇ ಇಲ್ಲ. ಲಾಮೆಯ ದುರಂತ ನಡೆಯಲು ರಿಂಗೇ ಬೇಕು. 1921ರಲ್ಲಿ ಎಮ್ಮಿ ನೋಯ್ಥರ್ ಸಂಖ್ಯೆಗಳ ಹಂಗನ್ನೂ ತೊರೆದು, ಬರಿಯ ನಿಯಮಗಳ ಮೇಲೆಯೇ ಐಡಿಯಲುಗಳ ಶಾಸ್ತ್ರವನ್ನು ನಿಲ್ಲಿಸಿದಳು. ನಾನು ಕಂಠಪಾಠ ಮಾಡಿದ್ದು ಆ ಬಗೆಯ ನಿಯಮಗಳನ್ನೇ.

ಫರ್ಮಾನ ಪ್ರಮೇಯದ ಪೂರ್ಣ ಸಾಧನೆ ಅಚ್ಚಾದದ್ದು 1995ರಲ್ಲಿ, ಆಂಡ್ರೂ ವೈಲ್ಸ್‌ನಿಂದ. ಕುಮ್ಮರನಿಗೆ ನೂರರೊಳಗಿನ ಅವಿಭಾಜ್ಯ ಘಾತಗಳಲ್ಲಿ 37, 59, 67 ಇವು ಮೂರು ಮಾತ್ರ ಮಣಿಯದೆ ನಿಂತಿದ್ದುವು. ಆದರೂ 1857ರಲ್ಲಿ ಪ್ಯಾರಿಸ್ಸಿನ ಅದೇ ಅಕಾಡೆಮಿ ಈ ಪ್ರಮೇಯಕ್ಕೆಂದು ಇಟ್ಟಿದ್ದ ಬಹುಮಾನವನ್ನು ಅವನಿಗೇ ಕೊಟ್ಟಿತು. ಅವನು ಅದಕ್ಕಾಗಿ ಬರಹವನ್ನೇ ಕಳುಹಿಸಿರಲಿಲ್ಲ.