ಗಾಯ ತೊಳೆದ ಜೈಲರ್
(ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆಯವರ ಹಬ್ಬ ಹಾಗೂ ಸೆರೆಮನೆ ಸೇವಾ ಭಾನುವಾರದ ನಿಮಿತ್ತ)



ಆಗಸ್ಟ್ ತಿಂಗಳು ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಎಲ್ಲರ ಗಮನ ಹದಿನೈದನೇ ತಾರೀಖಿನ ಮೇಲಿರುತ್ತದೆ. ಅಂದು ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬ, ನಾಡಿಗೆ ಸ್ವಾತಂತ್ರ್ಯದ ದಿನ. ಅದರ ಹಿಂದಿನ ದಿನ ಬರುವ ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆಯವರ ಸ್ಮರಣೆ ಈ ಸಡಗರದಲ್ಲಿ ಮರೆಯಾಗಿಬಿಡುತ್ತದೆ. ಸೆರೆಮನೆಗಳಲ್ಲಿ ಸೇವೆ ಮಾಡುವ ನಮ್ಮ ಬಳಗ 'ಪ್ರಿಸನ್ ಮಿನಿಸ್ಟ್ರಿ ಇಂಡಿಯಾ' ಇವರನ್ನೇ ತನ್ನ ಪಾಲಕ ಸಂತರನ್ನಾಗಿ ಇಟ್ಟುಕೊಂಡಿದೆ. ಭಾರತದ ಧರ್ಮಸಭೆ ಆಗಸ್ಟ್ ತಿಂಗಳ ಎರಡನೇ ಭಾನುವಾರವನ್ನು ಸೆರೆಮನೆ ಸೇವಾ ಭಾನುವಾರವಾಗಿ ಆಚರಿಸುತ್ತದೆ. ಅಂದು ಪೂಜೆಯಲ್ಲಿ ಒಂದು ವಿಶೇಷ ಕೋರಿಕೆ ಇರುತ್ತದೆ, ಕಾಣಿಕೆ ಎತ್ತುತ್ತಾರೆ. ಅಷ್ಟಕ್ಕೇ ಮುಗಿಯಿತೆಂದು ನಾವು ಮನೆಗೆ ಹೋಗುತ್ತೇವೆ.

ಸಂತ ಕೋಲ್ಬೆಯವರು ಕಳ್ಳತನಕ್ಕೋ ಕೊಲೆಗೋ ಸೆರೆಮನೆಗೆ ಹೋದವರಲ್ಲ. ಪೋಲೆಂಡಿನ ಈ ಫ್ರಾನ್ಸಿಸ್ಕನ್ ಗುರುವನ್ನು ನಾಜಿ ಪೊಲೀಸರು 1941ರ ಫೆಬ್ರವರಿ 17ರಂದು ಹಿಡಿದೊಯ್ದರು. ಮೇ ತಿಂಗಳ ಕೊನೆಗೆ ಆಶ್ವಿಟ್ಸ್ ಶಿಬಿರಕ್ಕೆ ಸಾಗಿಸಿ 16670 ಎಂಬ ಸಂಖ್ಯೆ ಕೊಟ್ಟರು. ಆ ಶಿಬಿರದಲ್ಲಿ ರಾಜಕೀಯ ಕೈದಿಗಳ ಅಂಗಿಯ ಮೇಲೆ ಕೆಂಪು ತ್ರಿಕೋನ ಹೊಲಿಯುತ್ತಿದ್ದರು. ಜುಲೈ ಕೊನೆಗೆ ಒಬ್ಬ ಕೈದಿ ತಪ್ಪಿಸಿಕೊಂಡನೆಂದು ಹತ್ತು ಮಂದಿಯನ್ನು ಉಪವಾಸ ಕೆಡವಿ ಸಾಯಿಸುವ ಶಿಕ್ಷೆ ಬಿತ್ತು. ಅವರಲ್ಲೊಬ್ಬ, ಹೆಂಡತಿ ಮಕ್ಕಳನ್ನು ನೆನೆದು ಅತ್ತ ಗಾಯೊವ್ನಿಚೆಕ್ ಎಂಬಾತನ ಬದಲು ತಮ್ಮನ್ನು ಕಳುಹಿಸಿರೆಂದು ಕೋಲ್ಬೆಯವರು ಮುಂದೆ ಬಂದರು. ಆಗಸ್ಟ್ 14ರಂದು ವಿಷದ ಸೂಜಿಯಿಂದ ಅವರ ಪ್ರಾಣ ತೆಗೆಯಲಾಯಿತು. 1982ರಲ್ಲಿ ಜಗದ್ಗುರು ಎರಡನೇ ಜಾನ್ ಪಾಲ್ ಅವರನ್ನು ಸಂತಪದವಿಗೇರಿಸಿದಾಗ ಅಂದು ಬದುಕುಳಿದ ಗಾಯೊವ್ನಿಚೆಕ್ ಅಲ್ಲಿದ್ದರು.

ಈ ಕಥೆಯನ್ನು ನಾವು ಪ್ರಬೋಧನೆಗಳಲ್ಲಿ ಎಷ್ಟೋ ಬಾರಿ ಕೇಳಿದ್ದೇವೆ. ಆದರೆ ಕೇಳದೆ ಬಿಟ್ಟ ಒಂದು ಪ್ರಶ್ನೆಯಿದೆ. ಹತ್ತು ಮಂದಿಯನ್ನು ಬೆರಳು ತೋರಿಸಿ ಆರಿಸಿದವನು, ಕೋಣೆಯ ಬೀಗ ಹಾಕಿದವನು, ಸೂಜಿ ಚುಚ್ಚಿದವನು, ಇವರೆಲ್ಲ ಏನಾದರು? ಸೆರೆಯಲ್ಲಿರುವವನ ಬಗ್ಗೆ ಮರುಗುವುದು ನಮಗೆ ಅಭ್ಯಾಸವಾಗಿದೆ. ಸೆರೆಯ ಬೀಗದ ಕೈ ಹಿಡಿದವನು ಯಾರಿಗೆ ಲೆಕ್ಕ ಕೊಡಬೇಕು ಎಂದು ಕೇಳುವ ಅಭ್ಯಾಸ ಕಡಿಮೆ.

ಪವಿತ್ರ ಗ್ರಂಥವಂತೂ ಇಬ್ಬರನ್ನೂ ಬಿಟ್ಟಿಲ್ಲ. ಪ್ರೇಷಿತರ ಕಾರ್ಯಕಲಾಪಗಳ 16ನೇ ಅಧ್ಯಾಯವನ್ನು ಬಿಡಿಸಿ ನೋಡಿ. ಫಿಲಿಪ್ಪಿ ಪಟ್ಟಣದಲ್ಲಿ ಪೌಲ ಮತ್ತು ಸೀಲರನ್ನು ನ್ಯಾಯಾಧಿಪತಿಗಳು ವಿಚಾರಣೆಯೇ ಇಲ್ಲದೆ ಬೆತ್ತದಿಂದ ಹೊಡೆಸಿದರು, ಊರಿನಲ್ಲಿ ಗಲಭೆ ಎಬ್ಬಿಸುತ್ತಾರೆಂಬ ಆರೋಪ ಹೊರಿಸಿ ಒಳಸೆರೆಗೆ ತಳ್ಳಿಸಿದರು. ಜೈಲರ್ ಅವರ ಕಾಲುಗಳಿಗೆ ಕೋಳ ಹಾಕಿದ. ನಡುರಾತ್ರಿ ಭೂಕಂಪವಾಗಿ ಬಾಗಿಲು ತೆರೆದುಕೊಂಡ ಮೇಲೆ ಆ ಜೈಲರ್ ಬದಲಾದ. ಸ್ನಾನದೀಕ್ಷೆ ಪಡೆಯುವ ಮೊದಲೇ ಅವನು ಒಂದು ಕೆಲಸ ಮಾಡಿದನೆಂದು ಸಂತ ಲೂಕ ಬರೆಯುತ್ತಾರೆ: ಆ ರಾತ್ರಿಯ ಹೊತ್ತಿನಲ್ಲೇ ಕೈದಿಗಳ ಗಾಯಗಳನ್ನು ತೊಳೆದ. ಆಮೇಲೆ ಮನೆಗೆ ಕರೆದೊಯ್ದು ಊಟ ಬಡಿಸಿದ.

ಕಥೆ ಇಲ್ಲಿಗೆ ನಿಲ್ಲುವುದಿಲ್ಲ. ಬೆಳಗಾದಾಗ ಅಧಿಕಾರಿಗಳು ಸದ್ದಿಲ್ಲದೆ ಇವರನ್ನು ಬಿಟ್ಟುಬಿಡಿ ಎಂದು ಹೇಳಿಕಳುಹಿಸಿದರು. ಪೌಲರು ಒಪ್ಪಲಿಲ್ಲ. ರೋಮಿನ ಪೌರರಾದ ತಮ್ಮನ್ನು ಎಲ್ಲರೆದುರು ಹೊಡೆಸಿ ಈಗ ಗುಟ್ಟಾಗಿ ಕಳುಹಿಸುವುದು ಸಲ್ಲದು, ಅವರೇ ಬಂದು ಕರೆದೊಯ್ಯಲಿ ಎಂದು ಪಟ್ಟುಹಿಡಿದರು. ಅಧಿಕಾರಿಗಳು ಹೆದರಿ ಬಂದು ಕ್ಷಮೆ ಕೇಳಬೇಕಾಯಿತು. ಆ ಊರಿನಲ್ಲಿ ಹೊಸದಾಗಿ ಹುಟ್ಟಿದ ಪುಟ್ಟ ಧರ್ಮಸಭೆಗೆ ನಾಳೆ ಅದೇ ಗತಿ ಬಾರದಿರಲಿ ಎಂಬ ಮುಂದಾಲೋಚನೆ ಆ ಹಟದಲ್ಲಿತ್ತು ಎನಿಸುತ್ತದೆ.

ನಮ್ಮ ನಾಡಿಗೆ ಬರೋಣ. 1975ರ ಜೂನ್‌ನಿಂದ 1977ರ ಮಾರ್ಚ್‌ವರೆಗೆ ದೇಶದಲ್ಲಿ ತುರ್ತು ಪರಿಸ್ಥಿತಿ ಇತ್ತು. ಅನಂತರ ನೇಮಕವಾದ ನ್ಯಾಯಮೂರ್ತಿ ಜೆ.ಸಿ. ಷಾ ಆಯೋಗದ ಲೆಕ್ಕದ ಪ್ರಕಾರ 'ಮೀಸಾ' ಕಾಯಿದೆಯಡಿ 34,988 ಮಂದಿ ಬಂಧನದಲ್ಲಿದ್ದರು. ಭಾರತ ರಕ್ಷಣಾ ನಿಯಮಗಳಡಿ ಬಂಧಿತರಾದವರು 75,818 ಮಂದಿ. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು, ತುರ್ತು ಪರಿಸ್ಥಿತಿಯಲ್ಲಿ ಬಂಧಿತರು ತಮ್ಮ ಬಿಡುಗಡೆಗಾಗಿ ನ್ಯಾಯಾಲಯದ ಬಾಗಿಲು ತಟ್ಟುವಂತಿಲ್ಲ ಎಂದು ತೀರ್ಪಿತ್ತರು. ಒಪ್ಪದಿದ್ದವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ.

ಆ ತೀರ್ಪು ಬಂದು ಮೂರು ದಿನವಾಗಿತ್ತು. ಮೇ 1ರ ಸಂಜೆ ಬೆಂಗಳೂರಿನಲ್ಲಿ ಲಾರೆನ್ಸ್ ಫೆರ್ನಾಂಡಿಸ್ ಅವರನ್ನು ಪೊಲೀಸರು ಮನೆಯಿಂದ ಕರೆದೊಯ್ದರು. ಅವರು ಮಂಗಳೂರು ಮೂಲದ ಕಥೋಲಿಕ ಕುಟುಂಬದವರು. ಅವರ ಅಣ್ಣ ಜಾರ್ಜ್ ಫೆರ್ನಾಂಡಿಸ್ ಹಿಂದೊಮ್ಮೆ ಗುರುವಾಗಬೇಕೆಂದು ಬೆಂಗಳೂರಿನ ಸಂತ ಪೇತ್ರರ ಗುರುಮಠ ಸೇರಿ, ಅಲ್ಲಿಂದ ಹೊರಬಂದು ಕಾರ್ಮಿಕ ನಾಯಕರಾದವರು, ಆಗ ಭೂಗತರಾಗಿದ್ದರು. ಅಣ್ಣ ಎಲ್ಲಿದ್ದಾನೆ ಎಂದು ಕೇಳಿ ತಮ್ಮನನ್ನು ಲಾಠಿಗಳು ಮುರಿಯುವ ಹಾಗೆ ಹೊಡೆದರು. ಬಂಧಿತನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನವೇ ಹೇಳುತ್ತದೆ. ಅವರನ್ನು ದಿನಗಟ್ಟಲೆ ಯಾರಿಗೂ ತೋರಿಸಲಿಲ್ಲ. ಕೊನೆಗೆ ಬೆಂಗಳೂರು ಸೆಂಟ್ರಲ್ ಜೈಲಿಗೆ ತಂದಾಗ ಅವರಿಗೆ ನಡೆಯಲೂ ಆಗುತ್ತಿರಲಿಲ್ಲ. ಇನ್ನೊಬ್ಬ ಸಹೋದರ ಮೈಕೆಲ್ ಆಗಲೇ ಅದೇ ಜೈಲಿನಲ್ಲಿದ್ದರು. ತಾಯಿ ಆಲಿಸ್ ಫೆರ್ನಾಂಡಿಸ್ ತಮ್ಮ ಮಗನಿಗೆ ಆದದ್ದನ್ನೆಲ್ಲ ವಿವರವಾಗಿ ರಾಷ್ಟ್ರಪತಿಗಳಿಗೆ ಬರೆದರು. ನ್ಯಾಯಾಲಯದ ಬಾಗಿಲು ಮುಚ್ಚಿದ್ದಾಗ ಒಬ್ಬ ತಾಯಿಯ ಕೈಯಲ್ಲಿ ಉಳಿದಿದ್ದುದು ಒಂದು ಕಾಗದ. ಆ ಕಾಗದದಿಂದಲೇ ಸಂಗತಿ ಹೊರಬಿತ್ತು.

ಮರುದಿನ, ಮೇ 2ರಂದು, ಸ್ನೇಹಲತಾ ರೆಡ್ಡಿ ಅವರ ಬಂಧನವಾಯಿತು. 1970ರ 'ಸಂಸ್ಕಾರ' ಚಿತ್ರದ ಚಂದ್ರಿಯಾಗಿ ಅವರನ್ನು ನಮ್ಮ ಹಿರಿಯರು ಬಲ್ಲರು. ಅವರು ಕ್ರೈಸ್ತ ಮನೆತನದಲ್ಲಿ ಹುಟ್ಟಿದವರು. ಬರೋಡಾ ಡೈನಮೈಟ್ ಪ್ರಕರಣದ ಹೆಸರಿನಲ್ಲಿ ಹಿಡಿದರೂ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಆದರೂ ಮೀಸಾ ಅಡಿಯಲ್ಲಿ ಎಂಟು ತಿಂಗಳು ಬೆಂಗಳೂರು ಜೈಲಿನಲ್ಲಿಟ್ಟರು. ಅವರಿಗೆ ತೀವ್ರ ಆಸ್ತಮಾ ಇತ್ತು, ಸರಿಯಾದ ಚಿಕಿತ್ಸೆ ಸಿಗಲಿಲ್ಲ. ಅಂಥ ಸ್ಥಿತಿಯಲ್ಲೂ ಜೈಲಿನ ಇತರ ಹೆಂಗಸರಿಗೆ ಬೀಳುತ್ತಿದ್ದ ಏಟಿನ ವಿರುದ್ಧ, ಕೆಟ್ಟ ಊಟದ ವಿರುದ್ಧ ಜಗಳವಾಡುತ್ತಿದ್ದರು. 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಬಿಟ್ಟರು. ಜನವರಿ 20ರಂದು ತೀರಿಕೊಂಡರು. ಜೈಲಿನಲ್ಲಿ ಬರೆದ ದಿನಚರಿ ಅದೇ ವರ್ಷ ಪ್ರಕಟವಾಯಿತು. ಆ ಹಳೆಯ ಜೈಲಿನ ಜಾಗದಲ್ಲಿ ಈಗ ಫ್ರೀಡಂ ಪಾರ್ಕ್ ಇದೆ.

ಯಾರು ಲೆಕ್ಕ ಕೊಟ್ಟರು? ಷಾ ಆಯೋಗ 1978ರಲ್ಲಿ ಮೂರು ವರದಿಗಳನ್ನು ಕೊಟ್ಟಿತು. 1980ರಲ್ಲಿ ಸರ್ಕಾರ ಬದಲಾದ ಮೇಲೆ ಮುಂದಿನ ಕ್ರಮಗಳು ನಿಂತುಹೋದವು. ಏಪ್ರಿಲ್ 28ರ ಆ ತೀರ್ಪನ್ನು ಸುಪ್ರೀಂ ಕೋರ್ಟ್ ತಾನೇ ಸ್ಪಷ್ಟವಾಗಿ ರದ್ದುಮಾಡಿದ್ದು 2017ರಲ್ಲಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. ನಲವತ್ತೊಂದು ವರ್ಷ ಬೇಕಾಯಿತು.

ಅದು ತುರ್ತು ಪರಿಸ್ಥಿತಿಯ ಕಾಲ, ಈಗ ಹಾಗಿಲ್ಲ ಎನ್ನುವವರಿಗೆ ಫಾದರ್ ಸ್ಟ್ಯಾನ್ ಸ್ವಾಮಿಯವರ ನೆನಪು ಮಾಡಬೇಕು. ಯೇಸುಸಭೆಯ ಈ ಗುರು 1975ರಿಂದ 1986ರವರೆಗೆ ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದರು. ಅನಂತರ ಜಾರ್ಖಂಡಿನಲ್ಲಿ ಆದಿವಾಸಿಗಳ ನಡುವೆ ಬಾಳಿದರು. ನಕ್ಸಲರೆಂಬ ಹಣೆಪಟ್ಟಿ ಹೊತ್ತು ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದ ಆದಿವಾಸಿ ಯುವಕರ ಪರ ಹೈಕೋರ್ಟಿಗೆ ಹೋದರು. 2020ರ ಅಕ್ಟೋಬರ್ 8ರಂದು, 83ರ ವಯಸ್ಸಿನಲ್ಲಿ, ರಾಂಚಿಯಲ್ಲಿ ಅವರನ್ನು ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ರಾಷ್ಟ್ರೀಯ ತನಿಖಾ ದಳ ಬಂಧಿಸಿತು. ಆರೋಪಗಳನ್ನೆಲ್ಲ ಅವರು ಅಲ್ಲಗಳೆದರು. ಅವರಿಗೆ ಪಾರ್ಕಿನ್ಸನ್ ಕಾಯಿಲೆಯಿತ್ತು, ಕೈ ನಡುಗಿ ಲೋಟ ಹಿಡಿಯಲಾಗುತ್ತಿರಲಿಲ್ಲ. ಹೀರಿಕೊಂಡು ಕುಡಿಯುವ ಸಿಪ್ಪರ್ ಮತ್ತು ಕೊಳವೆ ಕೊಡಿಸಿರೆಂದು ನವೆಂಬರ್ 6ರಂದು ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ತನಿಖಾ ದಳ ಇಪ್ಪತ್ತು ದಿನದ ಕಾಲಾವಕಾಶ ಪಡೆದು, ಅವು ನಮ್ಮಲ್ಲಿಲ್ಲ, ನಾವು ತೆಗೆದುಕೊಂಡೇ ಇಲ್ಲ ಎಂದು ಉತ್ತರ ಕೊಟ್ಟಿತು. ಒಂದು ಸಿಪ್ಪರ್ ಬೆಲೆ ಎಷ್ಟೆಂದು ಮಕ್ಕಳನ್ನು ಶಾಲೆಗೆ ಕಳುಹಿಸುವ ತಾಯಂದಿರಿಗೆ ಗೊತ್ತು.

ತಳೋಜಾ ಜೈಲಿಗೆ ಬಂದಾಗ ತಾನೇ ಉಣ್ಣುತ್ತಿದ್ದೆ, ಬರೆಯುತ್ತಿದ್ದೆ, ಸ್ನಾನ ಮಾಡುತ್ತಿದ್ದೆ, ಈಗ ಒಂದೂ ಆಗುತ್ತಿಲ್ಲ ಎಂಬ ಅರ್ಥದ ಮಾತನ್ನು ಅವರು 2021ರ ಮೇ ತಿಂಗಳಲ್ಲಿ ವಿಡಿಯೊ ಮೂಲಕ ಮುಂಬಯಿ ಹೈಕೋರ್ಟಿಗೆ ಹೇಳಿದರು. ಅವರಿಗೆ ಉಣಿಸಿ, ಸ್ನಾನಕ್ಕೆ ನೆರವಾದವರು ಜೊತೆಯ ಕೈದಿಗಳು. ಹೈಕೋರ್ಟಿನ ಅಪ್ಪಣೆಯ ಮೇರೆಗೆ ಮೇ 28ರಂದು ಬಾಂದ್ರಾದ ಹೋಲಿ ಫ್ಯಾಮಿಲಿ ಆಸ್ಪತ್ರೆಗೆ ಸೇರಿಸಿದಾಗ ಕೋವಿಡ್ ಇರುವುದು ಪತ್ತೆಯಾಯಿತು. ಜುಲೈ 5ರಂದು ಅವರು ದೈವಾಧೀನರಾದರು. ವಿಚಾರಣೆ ಶುರುವೇ ಆಗಿರಲಿಲ್ಲ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಸ್ನೇಹಲತಾ ಅವರನ್ನಾಗಲಿ ಸ್ಟ್ಯಾನ್ ಸ್ವಾಮಿಯವರನ್ನಾಗಲಿ ಜೈಲಿನಲ್ಲಿ ಯಾರೂ ಹೊಡೆದು ಸಾಯಿಸಲಿಲ್ಲ. ಅವರ ಕಾಯಿಲೆಗೆ ಸಿಗಬೇಕಾದದ್ದು ಸಿಗಬೇಕಾದ ಹೊತ್ತಿಗೆ ಸಿಗಲಿಲ್ಲ. ಇಂಥ ಕಡೆ ಯಾರನ್ನೂ ಬೊಟ್ಟುಮಾಡಿ ತೋರಿಸಲಾಗುವುದಿಲ್ಲ. ವಾರ್ಡರ್ ಜೈಲರನ ಕಡೆ, ಜೈಲರ್ ಡಾಕ್ಟರ ಕಡೆ, ಡಾಕ್ಟರ್ ಸೂಪರಿಂಟೆಂಡೆಂಟರ ಕಡೆ, ಅವರು ಕೋರ್ಟಿನ ಕಡೆ ಕೈ ತೋರಿಸುತ್ತಾರೆ. ಕಾಗದಪತ್ರ ಸರಿಯಾಗಿಯೇ ಇರುತ್ತದೆ.

ಕಾನೂನು ಇಲ್ಲವೆಂದಲ್ಲ. ಬ್ರಿಟಿಷರ 1894ರ ಕಾರಾಗೃಹ ಕಾಯಿದೆಯೇ, ಕೈದಿ ಒಳಗೆ ಬಂದ ಕೂಡಲೇ ವೈದ್ಯಾಧಿಕಾರಿ ಪರೀಕ್ಷಿಸಿ ಮೈಮೇಲಿನ ಗಾಯ, ಗುರುತುಗಳನ್ನು ಪುಸ್ತಕದಲ್ಲಿ ಬರೆಸಬೇಕು ಎಂದು ವಿಧಿಸಿತ್ತು. ಕಾಯಿಲೆಯಾದವನ ಹೆಸರನ್ನು ತಡಮಾಡದೆ ಜೈಲರಿಗೆ ತಿಳಿಸಬೇಕಿತ್ತು. ಕರ್ತವ್ಯ ತಪ್ಪಿದ ಕೆಳ ಅಧಿಕಾರಿಗೆ ಮೂರು ತಿಂಗಳವರೆಗಿನ ಸಜೆ, ಇಲ್ಲವೇ ಇನ್ನೂರು ರೂಪಾಯಿವರೆಗಿನ ದಂಡ. (1894ರಲ್ಲಿ ಇನ್ನೂರು ರೂಪಾಯಿ ದೊಡ್ಡ ಮೊತ್ತವೇ ಆಗಿತ್ತೆನ್ನಿ.) ತಿಹಾರ್ ಜೈಲಿನಲ್ಲಿ ವಾರ್ಡರ್ ಒಬ್ಬ ಕೈದಿಯನ್ನು ಹಿಂಸಿಸಿದ ಬಗ್ಗೆ ಇನ್ನೊಬ್ಬ ಕೈದಿ ಸುನೀಲ್ ಬಾತ್ರಾ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿಯೆಂದು ಸ್ವೀಕರಿಸಿತು, ಜೈಲಿನ ಗೋಡೆಯೊಳಗೂ ಸಂವಿಧಾನ ನಡೆಯುತ್ತದೆಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠ ಸಾರಿತು. 1993ರ ನೀಲಬತಿ ಬೆಹೆರಾ ಪ್ರಕರಣದಲ್ಲಿ, ಒಡಿಶಾದಲ್ಲಿ ಪೊಲೀಸ್ ವಶದಲ್ಲಿದ್ದಾಗ ಸತ್ತ ಯುವಕನ ತಾಯಿಗೆ 1,50,000 ರೂಪಾಯಿ ಪರಿಹಾರ ಕೊಡಿಸಿತು. ವಶದಲ್ಲಿದ್ದವರು ಸತ್ತರೆ 24 ಗಂಟೆಯೊಳಗೆ ಮಾನವ ಹಕ್ಕುಗಳ ಆಯೋಗಕ್ಕೆ ತಿಳಿಸಬೇಕು, ಮ್ಯಾಜಿಸ್ಟ್ರೇಟರ ವಿಚಾರಣೆ ಆಗಬೇಕು. ಆದರೆ ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1997ರಲ್ಲಿ ಸಹಿ ಹಾಕಿದರೂ ಅದನ್ನು ಇನ್ನೂ ಅಂಗೀಕರಿಸಿಲ್ಲ. 2010ರಲ್ಲಿ ಲೋಕಸಭೆ ಒಪ್ಪಿದ ಚಿತ್ರಹಿಂಸೆ ತಡೆ ಮಸೂದೆ ರಾಜ್ಯಸಭೆಯಲ್ಲಿ ನಿಂತು ಬಿದ್ದುಹೋಯಿತು. ಅಧಿಕಾರಿಯ ಮೇಲೆ ಮೊಕದ್ದಮೆ ಹೂಡಲು ಸರ್ಕಾರದ ಅನುಮತಿ ಬೇಕೆಂಬ ತಡೆಗೋಡೆ ಬೇರೆ.

ನಾವು ಕ್ಷಮಿಸುವ ಜನ, ಯಾರ ಮೇಲೂ ಮೊಕದ್ದಮೆ ಹಾಕುವುದು ನಮಗೆ ಶೋಭಿಸದು ಎಂದು ಕೆಲವು ಭಕ್ತರು ಹೇಳುವುದುಂಟು. ಆಶ್ವಿಟ್ಸ್ ಶಿಬಿರದ ಮುಖ್ಯಾಧಿಕಾರಿ ರುಡಾಲ್ಫ್ ಹೋಸ್ ಕಥೆ ಅವರಿಗೆ ಉತ್ತರ ಕೊಟ್ಟೀತು. ಕಥೋಲಿಕ ಮನೆಯಲ್ಲಿ ಹುಟ್ಟಿ ಧರ್ಮಸಭೆಯನ್ನು ತೊರೆದಿದ್ದ ಇವನೇ ಕೋಲ್ಬೆಯವರು ಸತ್ತಾಗ ಅಲ್ಲಿನ ಒಡೆಯ. 1947ರ ಏಪ್ರಿಲ್ 2ರಂದು ಪೋಲೆಂಡಿನ ನ್ಯಾಯಮಂಡಳಿ ಅವನಿಗೆ ಮರಣದಂಡನೆ ವಿಧಿಸಿತು. ವಾಡೊವಿಟ್ಸೆ ಊರಿನ ಜೈಲಿನಲ್ಲಿ (ಅದೇ ಜಗದ್ಗುರು ಎರಡನೇ ಜಾನ್ ಪಾಲ್ ಹುಟ್ಟಿದ ಊರು) ಅವನು ಒಬ್ಬ ಗುರುವನ್ನು ಕೇಳಿದ. ಯೇಸುಸಭೆಯ ಫಾದರ್ ವ್ಲಾಡಿಸ್ಲಾವ್ ಲೋನ್ ಬಂದು ಪಾಪನಿವೇದನೆ ಕೇಳಿ ಪರಮಪ್ರಸಾದ ಕೊಟ್ಟರು. ಪೋಲಿಷ್ ಜೈಲಿನವರು ತನ್ನನ್ನು ಮನುಷ್ಯನಂತೆ ನಡೆಸಿಕೊಂಡದ್ದು ತನ್ನನ್ನು ನಾಚಿಸಿತು ಎಂಬರ್ಥದಲ್ಲಿ ಅವನು ಬರೆದು, ಪೋಲೆಂಡಿನ ಜನರ ಕ್ಷಮೆ ಕೋರಿದ. ಏಪ್ರಿಲ್ 16ರಂದು ಶಿಕ್ಷೆ ಜಾರಿಯಾಯಿತು. ಮರಣದಂಡನೆಯನ್ನು ಇಂದಿನ ಧರ್ಮಸಭೆ ಒಪ್ಪುವುದಿಲ್ಲ, ಆ ಮಾತು ಬೇರೆ. ಆದರೆ ಗುರುಗಳು ಕೊಟ್ಟ ಪಾಪಕ್ಷಮೆ ನ್ಯಾಯಮಂಡಳಿಯ ಕೆಲಸವನ್ನು ಅಳಿಸಲಿಲ್ಲ. ಆ ವಿಚಾರಣೆ ನಡೆಯದಿದ್ದರೆ ಅವನು ತಾನು ಮಾಡಿದ್ದನ್ನು ಬಾಯಿಬಿಟ್ಟು ಹೇಳುವ ದಿನ ಬರುತ್ತಿತ್ತೇ ಎಂಬುದು ಸಂದೇಹ.

2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ಅವರಲ್ಲಿ ಹೆಸರುವಾಸಿಯಾದವರು ಬೆರಳೆಣಿಕೆಯಷ್ಟು. ಈ ಭಾನುವಾರ ಕಾಣಿಕೆ ಹಾಕುವುದರ ಜೊತೆಗೆ ಇನ್ನೊಂದು ಕೆಲಸ ಸಾಧ್ಯ. ಜೈಲುಗಳಿಗೆ ಸರ್ಕಾರೇತರ ಸಂದರ್ಶಕರನ್ನು ನೇಮಿಸುವ ಪದ್ಧತಿ ಕಾರಾಗೃಹ ನಿಯಮಗಳಲ್ಲಿದೆ. ನಿವೃತ್ತ ಶಿಕ್ಷಕರು, ವಕೀಲರು, ದಾದಿಯರು ನಮ್ಮ ಧರ್ಮಕೇಂದ್ರಗಳಲ್ಲಿ ಬೇಕಾದಷ್ಟಿದ್ದಾರೆ. ಆಸಕ್ತಿಯಿರುವವರು ಧರ್ಮಕೇಂದ್ರದ ಗುರುಗಳ ಮೂಲಕ ಸೆರೆಮನೆ ಸೇವಾ ಬಳಗವನ್ನು ಸಂಪರ್ಕಿಸಬಹುದು. ಹೋದವರು ಬರಿಯ ಕೇಕು, ಜಪಮಾಲೆ ಹಂಚಿ ಬರಬಾರದು. ಬಂದ ದಿನ ಡಾಕ್ಟರ್ ನೋಡಿದರೇ, ಮೈಮೇಲಿನ ಗಾಯ ಪುಸ್ತಕಕ್ಕೆ ಬಿತ್ತೇ, ವಕೀಲರಿದ್ದಾರೆಯೇ, ಹಿಂದಿನ ಭೇಟಿಯಲ್ಲಿ ಕೇಳಿದ ಔಷಧಿ ಬಂತೇ ಎಂದು ಕೈದಿಯನ್ನೂ ಕೇಳಿ, ಅಧಿಕಾರಿಯನ್ನೂ ಕೇಳಿ, ಇಬ್ಬರ ಉತ್ತರವನ್ನೂ ಸಂದರ್ಶಕರ ಪುಸ್ತಕದಲ್ಲಿ ತಾರೀಖು ಹಾಕಿ ಬರೆದು ಬರಬೇಕು.