ಬೊಜ್ಜಿನ ಆಪರೇಶನ್ ಮತ್ತು ಸಕ್ಕರೆ ಕಾಯಿಲೆ: ಮಾಡಿಸಿಕೊಳ್ಳುವ ಮುನ್ನ, ಮಾಡಿಸಿಕೊಂಡ ಮೇಲೆ



ಕಳೆದ ವರ್ಷ ಒಂದು ಮದುವೆಯ ಸತ್ಕಾರ ಕೂಟದಲ್ಲಿ ನಡೆದ ಘಟನೆಯಿದು. ಸುಮಾರು ಐವತ್ತರ ಪ್ರಾಯದ ಒಬ್ಬರು ಗೋಡೆಯ ಬದಿಯ ಕುರ್ಚಿಯಲ್ಲಿ ಕುಳಿತಿದ್ದರು. ಮುಖದಲ್ಲಿ ಬೆವರು, ಕೈಯಲ್ಲಿ ನಡುಕ, ಮಾತು ತೊದಲುತ್ತಿತ್ತು. ಹತ್ತಿರ ಇದ್ದವರು ಪರಸ್ಪರ ಮುಖ ನೋಡಿ ನಕ್ಕರು. ಮದುವೆ ಮನೆಯಲ್ಲವೇ, ಸ್ವಲ್ಪ ಜಾಸ್ತಿ ಆಗಿರಬೇಕು ಎಂದುಕೊಂಡರು. ನಾನೂ ಹಾಗೆಯೇ ತಿಳಿದೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಅದೃಷ್ಟಕ್ಕೆ ಪಕ್ಕದ ಮೇಜಿನಲ್ಲಿದ್ದ ಒಬ್ಬ ನರ್ಸ್ ಬಂದು, ತನ್ನ ತಾಯಿಗಾಗಿ ಚೀಲದಲ್ಲಿಟ್ಟುಕೊಂಡಿದ್ದ ಯಂತ್ರದಿಂದ ಅವರ ಬೆರಳಿನ ರಕ್ತ ಪರೀಕ್ಷಿಸಿದರು. ಸಕ್ಕರೆ 48 ತೋರಿಸಿತು. ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದ ಮೇಲೆ ಕಾಲು ಗಂಟೆಯಲ್ಲಿ ಅವರು ಸುಧಾರಿಸಿಕೊಂಡರು.

ಅವರು ಒಂದು ತೊಟ್ಟು ಮದ್ಯವನ್ನೂ ಮುಟ್ಟಿರಲಿಲ್ಲ. ನಾಲ್ಕು ವಾರಗಳ ಹಿಂದೆ ದೂರದ ನಗರದಲ್ಲಿ ಬೊಜ್ಜಿನ ಆಪರೇಶನ್ ಮಾಡಿಸಿಕೊಂಡಿದ್ದರು. ನೆಂಟರಿಗೆ 'ಹರ್ನಿಯಾ' ಎಂದು ಹೇಳಿದ್ದರು. ಎಂಟು ವರ್ಷಗಳಿಂದ ಡಯಾಬಿಟಿಸ್ ಇತ್ತು. ಆಸ್ಪತ್ರೆಯಿಂದ ಬಿಡುವಾಗ ಒಂದು ಮಾತ್ರೆಯನ್ನು ನಿಲ್ಲಿಸಿದ್ದರೂ, ಒಂದು ದಿನ ಸಕ್ಕರೆ 160 ಕಂಡದ್ದರಿಂದ ಹೆದರಿ ಮನೆಯಲ್ಲಿ ಉಳಿದಿದ್ದ ಹಳೆಯ ಮಾತ್ರೆಯನ್ನೇ ಮತ್ತೆ ಶುರು ಮಾಡಿದ್ದರು. ಮದುವೆಯ ದಿನ ಮಾತ್ರೆ ನುಂಗಿದ್ದರು, ಊಟ ಮಾಡಿರಲಿಲ್ಲ. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಇದನ್ನು ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ. ಆದರೆ ಆ ದಿನದ ನಂತರ ಈ ವಿಷಯವನ್ನು ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುವುದು ಒಳ್ಳೆಯದೆಂದು ಅನಿಸಿತು. ಯಾಕೆಂದರೆ ಈ ಆಪರೇಶನ್ ಈಗ ನಮ್ಮ ಊರುಗಳಿಗೂ ಅಪರೂಪವಲ್ಲ. 'ಫಾದರ್, ಆಪರೇಶನ್ ಮಾಡಿಸಿದರೆ ಸಕ್ಕರೆ ಕಾಯಿಲೆ ಹೋಗುತ್ತದಂತೆ, ಹೌದಾ?' ಎಂದು ಕೇಳುವವರು ಹೆಚ್ಚಾಗಿದ್ದಾರೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಡಯಾಬಿಟಿಸ್ ಇರುವವರು ಸುಮಾರು 10 ಕೋಟಿ.

ಆಪರೇಶನ್ ಎಂದರೇನು?

ಬಹಳ ಮಂದಿ ಇದನ್ನು ಹೊಟ್ಟೆಯ ಕೊಬ್ಬನ್ನು ಹೀರಿ ತೆಗೆಯುವ ಚಿಕಿತ್ಸೆ ಎಂದು ತಿಳಿದಿದ್ದಾರೆ. ಅದು ಬೇರೆ, ಇದು ಬೇರೆ. ಇಲ್ಲಿ ಕೊಬ್ಬಿಗೆ ಕೈ ಹಾಕುವುದೇ ಇಲ್ಲ. ಹೆಚ್ಚಾಗಿ ಮಾಡುವ ವಿಧಾನಗಳು ಎರಡು. ಮೊದಲನೆಯದು ಸ್ಲೀವ್. ಇದರಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದು, ಉಳಿದದ್ದನ್ನು ಅಂಗಿಯ ತೋಳಿನ ಹಾಗೆ ಉದ್ದ ಕೊಳವೆಯಾಗಿ ಬಿಡುತ್ತಾರೆ. ಎರಡನೆಯದು ಬೈಪಾಸ್. ಜಠರದ ಮೇಲ್ಭಾಗದಲ್ಲಿ ಒಂದು ಪುಟ್ಟ ಚೀಲವನ್ನು ಮಾತ್ರ ಉಳಿಸಿ, ಅದನ್ನು ನೇರವಾಗಿ ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಹೃದಯದ ಬೈಪಾಸ್‌ಗೂ ಇದಕ್ಕೂ ಸಂಬಂಧವಿಲ್ಲ. ಎರಡನ್ನೂ ಇಂದು ಸಣ್ಣ ರಂಧ್ರಗಳ ಮೂಲಕವೇ ಮಾಡುತ್ತಾರೆ.

ಆಶ್ಚರ್ಯವೇನೆಂದರೆ ತೂಕ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ ಸಕ್ಕರೆ ಇಳಿಯುತ್ತದೆ. ಅಮೆರಿಕದ ನಾರ್ತ್ ಕೆರೊಲಿನಾದ ಶಸ್ತ್ರಚಿಕಿತ್ಸಕ ವಾಲ್ಟರ್ ಪೋರಿಸ್ ಮತ್ತು ಅವರ ಸಂಗಡಿಗರು 1995ರಲ್ಲಿ ಇದನ್ನು ಪ್ರಕಟಿಸಿದಾಗ ವೈದ್ಯಲೋಕ ಸುಲಭವಾಗಿ ನಂಬಲಿಲ್ಲ. ಆಹಾರ ಬಹಳ ಕಡಿಮೆಯಾಗುವುದು ಒಂದು ಕಾರಣ. ಕರುಳಿನಲ್ಲಿ ಹುಟ್ಟುವ, ಇನ್ಸುಲಿನ್ ಸ್ರವಿಸುವಂತೆ ಮಾಡುವ ಜಿಎಲ್‌ಪಿ-1 ಮುಂತಾದ ಹಾರ್ಮೋನುಗಳು ಹೆಚ್ಚಾಗುವುದು ಇನ್ನೊಂದು.

ಮದುವೆ ಮನೆಯ ಘಟನೆಯ ಮೂಲವೂ ಇಲ್ಲಿಯೇ ಇದೆ. ಔಷಧದ ಪ್ರಮಾಣವನ್ನು ಮೊದಲಿನ ಹೊಟ್ಟೆಗೆ, ಮೊದಲಿನ ಊಟಕ್ಕೆ ಲೆಕ್ಕ ಹಾಕಿದ್ದಾರೆ. ಹೊಟ್ಟೆ ಒಂದೇ ದಿನದಲ್ಲಿ ಬದಲಾಯಿತು. ಚೀಟಿ ಬದಲಾಗದಿದ್ದರೆ ಅದೇ ಔಷಧ ಅಪಾಯ ತರುತ್ತದೆ.

ಆಪರೇಶನ್‌ಗೆ ಮುಂಚೆ

ಸರ್ಜನ್ ಎಷ್ಟೇ ನುರಿತವರಾಗಿರಲಿ, ಸಕ್ಕರೆ ಕಾಯಿಲೆ ಇರುವವರು ತಮ್ಮ ಡಯಾಬಿಟಿಸ್ ವೈದ್ಯರನ್ನು ಬಿಟ್ಟು ಈ ದಾರಿಯಲ್ಲಿ ಹೋಗಬಾರದು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ, ಮೂತ್ರಪಿಂಡ, ಹೃದಯ ಇವುಗಳ ಪರೀಕ್ಷೆ ಎಲ್ಲರಿಗೂ ಗೊತ್ತಿರುವುದೇ. ಕಣ್ಣಿನ ಪರೀಕ್ಷೆಯನ್ನು ಮಾತ್ರ ಅನೇಕರು ಮರೆಯುತ್ತಾರೆ. ಬಹುಕಾಲ ಏರಿದ್ದ ಸಕ್ಕರೆ ಒಮ್ಮೆಲೇ ಇಳಿದಾಗ, ಮೊದಲೇ ಹಾನಿಗೊಂಡಿದ್ದ ಅಕ್ಷಿಪಟಲ ಇನ್ನಷ್ಟು ಕೆಡುವುದುಂಟು. ಗೊರಕೆ ಹೊಡೆಯುವವರಿಗೆ ನಿದ್ದೆಯಲ್ಲಿ ಉಸಿರು ನಿಲ್ಲುತ್ತದೆಯೇ ಎಂಬುದನ್ನೂ ನೋಡುತ್ತಾರೆ. ಮನಸ್ಸಿನ ಸ್ಥಿತಿಯ ಬಗ್ಗೆಯೂ ವಿಚಾರಿಸುತ್ತಾರೆ. ಅದಕ್ಕೆ ಬೇಸರಿಸಬೇಕಾಗಿಲ್ಲ.

ಆಪರೇಶನ್‌ಗೆ ಮುಂಚಿನ ಎರಡು ವಾರ ಸಾಮಾನ್ಯವಾಗಿ ಬಹಳ ಕಡಿಮೆ ಕ್ಯಾಲೊರಿಯ ಆಹಾರ ಕೊಡುತ್ತಾರೆ. ಕೊಬ್ಬಿನಿಂದ ಊದಿದ ಯಕೃತ್ತು ಕುಗ್ಗಿ, ಸರ್ಜನ್‌ಗೆ ಜಠರ ಸರಿಯಾಗಿ ಕಾಣಲೆಂದು. ಈ ಎರಡು ವಾರಗಳಲ್ಲೇ ಔಷಧದ ಗೊಂದಲ ಶುರುವಾಗುತ್ತದೆ. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್‌ನಂಥ ಮಾತ್ರೆಗಳು ಊಟ ಇದ್ದರೂ ಇಲ್ಲದಿದ್ದರೂ ಇನ್ಸುಲಿನ್ ಹೊರಡಿಸುತ್ತವೆ. ಮದುವೆಯಲ್ಲಿ ಆ ಸಜ್ಜನರನ್ನು ಕೆಡವಿದ್ದು ಈ ಗುಂಪಿನ ಮಾತ್ರೆಯೇ. ಊಟ ಕಡಿಮೆಯಾದಾಗ ಇವನ್ನು, ಹಾಗೆಯೇ ಇನ್ಸುಲಿನ್‌ನ್ನು, ವೈದ್ಯರು ಇಳಿಸುತ್ತಾರೆ ಇಲ್ಲವೇ ನಿಲ್ಲಿಸುತ್ತಾರೆ. ಇನ್ನೊಂದು ಗುಂಪು ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್. ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಮಾತ್ರೆಗಳಿವು. ಇವನ್ನು ಆಪರೇಶನ್‌ಗೆ ಕನಿಷ್ಠ 3 ದಿನ ಮೊದಲೇ ನಿಲ್ಲಿಸಬೇಕು. ಅರೆಹೊಟ್ಟೆಯಲ್ಲಿ ಇವನ್ನು ಮುಂದುವರಿಸಿದರೆ ರಕ್ತದಲ್ಲಿ ಆಮ್ಲ ತುಂಬಿಕೊಳ್ಳುವ ಅಪಾಯವಿದೆ. ಆಗ ಯಂತ್ರದಲ್ಲಿ ಸಕ್ಕರೆ ಹೆಚ್ಚು ತೋರದೆಯೂ ಇರಬಹುದು, ಹಾಗಾಗಿ ಮನೆಯವರು ಮೋಸ ಹೋಗುತ್ತಾರೆ. ತೂಕ ಇಳಿಸುವ ಇಂಜೆಕ್ಷನ್ ತೆಗೆದುಕೊಳ್ಳುವವರು ಅರಿವಳಿಕೆ ವೈದ್ಯರಿಗೆ ಅದನ್ನು ಮುಚ್ಚಿಡಬಾರದು. ಹೊಟ್ಟೆ ನಿಧಾನವಾಗಿ ಖಾಲಿಯಾಗುವುದರಿಂದ, ಅರಿವಳಿಕೆ ಕೊಟ್ಟಾಗ ಒಳಗಿದ್ದದ್ದು ಶ್ವಾಸಕೋಶಕ್ಕೆ ಇಳಿಯಬಹುದು.

ಬಾಲ್ಯದಿಂದಲೇ ಇನ್ಸುಲಿನ್ ಅವಲಂಬಿಸಿರುವ ಟೈಪ್ 1 ರೋಗಿಗಳ ವಿಷಯ ಬೇರೆ. ಆಪರೇಶನ್‌ನಿಂದ ಅವರ ಪ್ರಮಾಣ ಇಳಿಯಬಹುದು, ಆದರೆ ಇನ್ಸುಲಿನ್ ಒಂದು ದಿನವೂ ತಪ್ಪುವಂತಿಲ್ಲ.

ಯಾರಿಗೆ?

ತೂಕವನ್ನು ಕಿಲೋದಲ್ಲಿ, ಎತ್ತರವನ್ನು ಮೀಟರಿನಲ್ಲಿ ಇಟ್ಟುಕೊಂಡು, ತೂಕವನ್ನು ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವುದು ಬಿಎಂಐ. 160 ಸೆಂ.ಮೀ. ಎತ್ತರದ, 90 ಕಿಲೋ ತೂಕದವರಿಗೆ ಅದು ಸುಮಾರು 35. 1991ರ ಅಮೆರಿಕದ ನಿಯಮದಲ್ಲಿ 40, ಅಥವಾ ಬೇರೆ ಕಾಯಿಲೆ ಇದ್ದರೆ 35 ಎಂದಿತ್ತು. ನಮ್ಮವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುವುದರಿಂದ ಏಷ್ಯಾದವರಿಗೆ ಅಳತೆಯನ್ನು ಇಳಿಸಲಾಗಿದೆ. 2022ರಲ್ಲಿ ಅಂತಾರಾಷ್ಟ್ರೀಯ ಸಂಘಗಳು ಏಷ್ಯಾದವರಿಗೆ 27.5ರಿಂದಲೇ ಆಪರೇಶನ್‌ನ ಅವಕಾಶ ಇರಬೇಕು ಎಂದವು. ಅಂದರೆ ಅದೇ 160 ಸೆಂ.ಮೀ. ಎತ್ತರದವರಿಗೆ ಸುಮಾರು 70 ಕಿಲೋ. ಅವಕಾಶ ಇದೆ ಎಂದ ಮಾತ್ರಕ್ಕೆ 70 ಕಿಲೋ ಇದ್ದವರೆಲ್ಲ ಓಡಬೇಕಾಗಿಲ್ಲ, ಅದನ್ನು ಬೇರೆ ಹೇಳಬೇಕಾಗಿಲ್ಲವೆಂದು ನಂಬುತ್ತೇನೆ.

ವಿಮೆಯವರ ಅಳತೆ ಬೇರೆಯೇ ಇದೆ. ಇದು ಗೊತ್ತಿಲ್ಲದೆ ಹಲವರು ಪೇಚಿಗೆ ಸಿಲುಕುತ್ತಾರೆ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಬಿಎಂಐ 40, ಅಥವಾ ಹತೋಟಿಗೆ ಬಾರದ ಟೈಪ್ 2 ಡಯಾಬಿಟಿಸ್‌ನಂಥ ತೀವ್ರ ತೊಂದರೆ ಇದ್ದರೆ 35 ಎಂಬ ಹಳೆಯ ಲೆಕ್ಕವೇ ಇದೆ. ವಯಸ್ಸು 18 ದಾಟಿರಬೇಕು, ಬೇರೆ ಉಪಾಯಗಳು ಫಲಿಸದೆ ವೈದ್ಯರೇ ಸೂಚಿಸಿರಬೇಕು. 31 ಇರುವವರಿಗೆ ವೈದ್ಯರು ಸರಿ ಎಂದರೂ ವಿಮೆ ಕೈಕೊಡಬಹುದು. ಖರ್ಚು ಲಕ್ಷಗಳಲ್ಲಿರುವುದರಿಂದ ದಿನಾಂಕ ಗೊತ್ತುಮಾಡುವ ಮೊದಲೇ ಕಂಪೆನಿಯಿಂದ ಬರವಣಿಗೆಯಲ್ಲಿ ಉತ್ತರ ಪಡೆಯಿರಿ. ಸಾಲ ಮಾಡಿ ಆಪರೇಶನ್ ಮಾಡಿಸಿ, ನಂತರದ ಪರೀಕ್ಷೆಗಳಿಗೆ ಹಣವಿಲ್ಲದೆ ನಿಲ್ಲಿಸುವುದು ಎಲ್ಲಕ್ಕಿಂತ ಕೆಟ್ಟದ್ದು.

ಕಾಯಿಲೆ ಹೋಗುತ್ತದೆಯೇ?

ಪ್ರಾಮಾಣಿಕ ಉತ್ತರ: ಕೆಲವರಿಗೆ ಹಲವು ವರ್ಷಗಳ ಕಾಲ ಹಿಂದೆ ಸರಿಯುತ್ತದೆ. ಸ್ವೀಡನ್‌ನಲ್ಲಿ 1987ರಲ್ಲಿ ಆರಂಭವಾದ ದೊಡ್ಡ ಅಧ್ಯಯನದಲ್ಲಿ, ಆಪರೇಶನ್ ಆದ ಡಯಾಬಿಟಿಸ್ ರೋಗಿಗಳ ಪೈಕಿ ಶೇ. 72ರಷ್ಟು ಮಂದಿ ಎರಡು ವರ್ಷಗಳ ಹೊತ್ತಿಗೆ ಕಾಯಿಲೆಯಿಂದ ಹೊರಬಂದಿದ್ದರು. ಹತ್ತು ವರ್ಷಗಳ ಹೊತ್ತಿಗೆ ಅದು ಶೇ. 36ಕ್ಕೆ ಇಳಿದಿತ್ತು. ಆಗಿನ ಆಪರೇಶನ್‌ಗಳು ಇಂದಿನವಲ್ಲ ಎಂಬುದನ್ನೂ ಗಮನಿಸಬೇಕು. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ 150 ಮಂದಿಯ ಮೇಲೆ ನಡೆದ ಪರೀಕ್ಷೆಯ ಐದು ವರ್ಷಗಳ ಫಲಿತಾಂಶ 2017ರಲ್ಲಿ ಬಂತು. ಎಚ್‌ಬಿಎ1ಸಿ 6ಕ್ಕೆ ಇಳಿಯಬೇಕೆಂಬ ಕಠಿಣ ಗುರಿಯನ್ನು ಔಷಧ ಮಾತ್ರ ಪಡೆದವರಲ್ಲಿ ಶೇ. 5, ಸ್ಲೀವ್ ಆದವರಲ್ಲಿ ಶೇ. 23, ಬೈಪಾಸ್ ಆದವರಲ್ಲಿ ಶೇ. 29 ಮಂದಿ ಮುಟ್ಟಿದ್ದರು. ಔಷಧಕ್ಕಿಂತ ಆಪರೇಶನ್ ಮೇಲು ಎಂದು ಇದರಿಂದ ಸ್ಪಷ್ಟ. ಹಾಗೆಯೇ, ಆಪರೇಶನ್ ಆದವರಲ್ಲೂ ಹೆಚ್ಚಿನವರು ಆ ಗುರಿ ಮುಟ್ಟಲಿಲ್ಲ ಎಂಬುದೂ ಅಷ್ಟೇ ಸ್ಪಷ್ಟ. ಕಾಯಿಲೆ ಬಂದು ಕೆಲವೇ ವರ್ಷಗಳಾದವರಿಗೆ, ಇನ್ಸುಲಿನ್ ಹಿಡಿಯದವರಿಗೆ ಲಾಭ ಹೆಚ್ಚು. ಇಪ್ಪತ್ತು ವರ್ಷ ಹಳೆಯ ಕಾಯಿಲೆಗೆ ಅಷ್ಟು ಭರವಸೆ ಕೊಡಲಾಗದು. ಆದರೂ ಸಕ್ಕರೆ ಮರಳಿ ಬಂತೆಂದು ಎಲ್ಲ ವ್ಯರ್ಥವಾಯಿತು ಎನ್ನಬೇಕಾಗಿಲ್ಲ. ಸ್ವೀಡನ್‌ನ ಅಧ್ಯಯನದಲ್ಲಿ ಕಣ್ಣು, ಮೂತ್ರಪಿಂಡ, ಹೃದಯದ ತೊಡಕುಗಳು ಆಪರೇಶನ್ ಆದವರ ಗುಂಪಿನಲ್ಲಿ ಕಡಿಮೆಯೇ ಇದ್ದವು.

ಆದ್ದರಿಂದಲೇ ವೈದ್ಯರು 'ವಾಸಿ' ಎನ್ನದೆ 'ಉಪಶಮನ' ಎನ್ನುತ್ತಾರೆ. ಔಷಧ ನಿಲ್ಲಿಸಿ ಕನಿಷ್ಠ ಮೂರು ತಿಂಗಳು ಎಚ್‌ಬಿಎ1ಸಿ 6.5ಕ್ಕಿಂತ ಕೆಳಗಿದ್ದರೆ ಅದು ಉಪಶಮನ ಎಂದು 2021ರಲ್ಲಿ ತಜ್ಞರು ಒಮ್ಮತಕ್ಕೆ ಬಂದರು. ಆಮೇಲೂ ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಬೇಕೇ ಬೇಕು.

2025ರ ಮಾರ್ಚ್‌ನಲ್ಲಿ ಟಿರ್ಜೆಪಟೈಡ್ ಇಂಜೆಕ್ಷನ್ ಭಾರತಕ್ಕೆ ಬಂದ ಮೇಲೆ, ಆಪರೇಶನ್ ಯಾಕೆ, ಸೂಜಿ ಸಾಕಲ್ಲ ಎಂದು ಕೇಳುವವರಿದ್ದಾರೆ. ಕೆಲವರಿಗೆ ಸಾಕು. ಆದರೆ ನಿಲ್ಲಿಸಿದರೆ ತೂಕ ಬಹುಮಟ್ಟಿಗೆ ಮರಳುತ್ತದೆ. ಖರ್ಚನ್ನು ತಿಂಗಳಿಗಲ್ಲ, ವರ್ಷಗಳಿಗೆ ಲೆಕ್ಕ ಹಾಕಿ ನೋಡಬೇಕು.

ಮನೆಗೆ ಬಂದ ಮೇಲೆ

ಮೊದಲು ದ್ರವ, ನಂತರ ಅರೆದದ್ದು, ಮೆತ್ತನೆಯದ್ದು, ಹೀಗೆ ವಾರಗಟ್ಟಲೆ ಮೆಟ್ಟಿಲು ಹತ್ತಬೇಕು. ಗಂಜಿಯ ತಿಳಿ ನಮಗೆ ಸುಲಭವಾಗಿ ಕಾಣುತ್ತದೆ, ಆದರೆ ಅದರಲ್ಲಿ ಪ್ರೋಟೀನ್ ಇಲ್ಲ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕೆನ್ನುತ್ತಾರೆ. ಮೆತ್ತಗೆ ಬೇಯಿಸಿದ ಮೀನು, ಮೊಟ್ಟೆ, ಮೊಸರು, ಬೇಳೆ ಮೊದಲು. ಅನ್ನ ಆಮೇಲೆ, ಜಾಗ ಉಳಿದರೆ. ಊಟದ ಜೊತೆ ನೀರು ಬೇಡ. ಸಿಹಿ ತಿಂದರೆ, ಮುಖ್ಯವಾಗಿ ಬೈಪಾಸ್ ಆದವರಿಗೆ, ಎದೆ ಬಡಿತ, ಬೆವರು, ಭೇದಿ ಆಗಬಹುದು. ಒಂದೆರಡು ವರ್ಷ ಕಳೆದ ಮೇಲೆ, ಯಾವ ಮಾತ್ರೆಯನ್ನೂ ತೆಗೆದುಕೊಳ್ಳದೆಯೇ, ಸಿಹಿ ತಿಂದ ಒಂದೆರಡು ಗಂಟೆಯಲ್ಲಿ ಸಕ್ಕರೆ ಕುಸಿಯುವುದೂ ಉಂಟು.

ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಜೀವನಪರ್ಯಂತ. ಮೆಟ್‌ಫಾರ್ಮಿನ್ ಮುಂದುವರಿಯುವವರು ಬಿ12 ಬಗ್ಗೆ ಇನ್ನಷ್ಟು ಜಾಗ್ರತೆ ವಹಿಸಬೇಕು, ಯಾಕೆಂದರೆ ಆ ಮಾತ್ರೆಯೂ ಬಿ12 ತಗ್ಗಿಸುತ್ತದೆ. ಕಾಲು ಜೋಮು ಹಿಡಿದರೆ 'ಸಕ್ಕರೆಯಿಂದ' ಎಂದು ಸುಮ್ಮನಿರಬೇಡಿ. ಬೈಪಾಸ್ ಆದವರು ಮಂಡಿನೋವಿಗೆಂದು ಅಂಗಡಿಯಿಂದ ನೋವಿನ ಮಾತ್ರೆ ತರಿಸಿ ನುಂಗುವುದು ಅಪಾಯ, ಹೊಲಿಗೆಯ ಜಾಗದಲ್ಲಿ ಹುಣ್ಣಾಗುತ್ತದೆ. ಮದ್ಯ ಬೇಗ ಏರುತ್ತದೆ. ಹೆಂಗಸರು ವರ್ಷ, ಒಂದೂವರೆ ವರ್ಷ ಗರ್ಭಧಾರಣೆಯನ್ನು ಮುಂದೂಡಬೇಕು. ನಿಲ್ಲದ ವಾಂತಿ, ಜ್ವರ, ಹೊಟ್ಟೆನೋವು ಕಂಡರೆ ಕಾಯುವಂತಿಲ್ಲ. ಗಲ್ಫ್‌ನಲ್ಲೋ ಮುಂಬಯಿಯಲ್ಲೋ ಆಪರೇಶನ್ ಮಾಡಿಸಿ ಊರಿಗೆ ಬರುವವರು ಬಿಡುಗಡೆಯ ಕಾಗದವನ್ನು ಇಲ್ಲಿನ ವೈದ್ಯರಿಗೆ ತೋರಿಸಿ ಇಡಬೇಕು.

ಚರ್ಚಿಗೆ ಸಂಬಂಧಿಸಿದ ಒಂದು ಸಂದೇಹವನ್ನೂ ಕೇಳಿದ್ದೇನೆ. ಎರಡು ಗಂಟೆಗೊಮ್ಮೆ ಏನಾದರೂ ಕುಡಿಯಬೇಕಾದವರು ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸ ಹೇಗೆ ಪಾಲಿಸುವುದು? ನೀರು ಮತ್ತು ಔಷಧದಿಂದ ಆ ಉಪವಾಸ ಮುರಿಯುವುದಿಲ್ಲ. ಕಾಯಿಲೆಯವರಿಗೆ, ವೃದ್ಧರಿಗೆ, ಅವರನ್ನು ನೋಡಿಕೊಳ್ಳುವವರಿಗೆ ಧರ್ಮಸಭೆಯ ಕಾನೂನಿನ 919ನೇ ವಿಧಿ ವಿನಾಯಿತಿ ಕೊಟ್ಟಿದೆ. ವಿಭೂತಿ ಬುಧವಾರ, ಶುಭ ಶುಕ್ರವಾರಗಳ ಉಪವಾಸಕ್ಕೂ ಕಾಯಿಲೆಯವರು ಬದ್ಧರಲ್ಲ. ಛಲದಿಂದ ಬರೀ ಹೊಟ್ಟೆಯಲ್ಲಿ ಬಂದು ಪೂಜೆಯ ನಡುವೆ ಬೀಳುವುದನ್ನು ಯಾರೂ ನಿಮ್ಮಿಂದ ಕೇಳಿಲ್ಲ.

ಇನ್ನು ನಮ್ಮ ಮಾತು. ಆ ಸಜ್ಜನರು ಯಾಕೆ ಮುಚ್ಚಿಟ್ಟರು ಎಂದು ನಾನು ಕೇಳಿದೆ. 'ಬಾಯಿ ಕಟ್ಟಲಾಗದವನು ಹೊಟ್ಟೆ ಕೊಯ್ಸಿಕೊಂಡ ಅಂತಾರೆ ಫಾದರ್' ಎಂದರು. ನಮ್ಮಲ್ಲಿ ಹಾಗೆ ಹೇಳುವವರಿದ್ದಾರೆ ಎಂಬುದು ನಿಜ. ರೋಸ್, ಮದುವೆ, ತೆನೆಹಬ್ಬದ ಊಟದಲ್ಲಿ 'ಇಷ್ಟೇನಾ ಹಾಕಿಕೊಂಡದ್ದು' ಎಂದು ಒತ್ತಾಯಿಸಿ ಬಡಿಸುವವರೂ ಅವರೇ. ದೇಹದ ತೂಕದಲ್ಲಿ ವಂಶದ, ಹಾರ್ಮೋನಿನ ಪಾಲು ದೊಡ್ಡದು. ಇಳಿದ ತೂಕವನ್ನು ಮತ್ತೆ ಏರಿಸಲು ದೇಹವೇ ಹಸಿವನ್ನು ಹೆಚ್ಚಿಸುತ್ತದೆ. ಹೊಟ್ಟೆಯನ್ನು ಕತ್ತರಿಸಿಕೊಂಡು ಬದುಕಿಡೀ ಅಳೆದು ತಿನ್ನುವುದು ಸುಲಭದ ದಾರಿ ಎಂದು ನನಗೆ ಅನಿಸುವುದಿಲ್ಲ. ಮುಚ್ಚಿಟ್ಟದ್ದರಿಂದ ಅವರಿಗಾದ ನಷ್ಟವೇನು? ಪಕ್ಕದಲ್ಲಿ ನೂರು ಮಂದಿ ಇದ್ದರೂ ಅವರಿಗೆ ಏನಾಗುತ್ತಿದೆ ಎಂದು ಒಬ್ಬರಿಗೂ ತಿಳಿಯಲಿಲ್ಲ. ವಾಳೆಯ ಗುರಿಕಾರರು, ರೋಗಿಗಳನ್ನು ಭೇಟಿ ಮಾಡುವ ಸ್ವಯಂಸೇವಕರು ಇದನ್ನು ಗಮನದಲ್ಲಿಡಬೇಕೆಂದು ವಿನಂತಿ. ಬೆವರಿ ತೊದಲುವವರನ್ನು ಕಂಡರೆ ಮೊದಲು ಸಕ್ಕರೆ ಪರೀಕ್ಷಿಸಿ. ಪ್ರಜ್ಞೆ ಇದ್ದರೆ ಮಾತ್ರ ಸಕ್ಕರೆ ನೀರು ಕೊಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಅವರಿಗೆ ಆಪರೇಶನ್ ಆಗಿ ಈಗ ಹದಿನಾಲ್ಕು ತಿಂಗಳು. 104 ಕಿಲೋ ಇದ್ದವರು 79ಕ್ಕೆ ಬಂದಿದ್ದಾರೆ. ಇನ್ಸುಲಿನ್ ಇಲ್ಲ, ಆ ಹಳೆಯ ಮಾತ್ರೆ ಇಲ್ಲ, ಮೆಟ್‌ಫಾರ್ಮಿನ್ ಒಂದು ಉಳಿದಿದೆ. ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆಗೆ ಹೋಗುತ್ತಾರೆ. ಜೇಬಿನಲ್ಲಿ ಗ್ಲೂಕೋಸ್ ಪುಡಿಯ ಜೊತೆ, ಯಾವ ಆಪರೇಶನ್ ಆಗಿದೆ, ಯಾವ ಔಷಧ ನಡೆಯುತ್ತಿದೆ ಎಂದು ಬರೆದ ಚೀಟಿ ಇದೆ. ಕಳೆದ ತಿಂಗಳು ವಾಳೆಯ ಸಭೆಯಲ್ಲಿ ತಾವೇ ಎದ್ದು ನಿಂತು ವಿಷಯ ಹೇಳಿದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು, ತನ್ನ ಗಂಡನಿಗೂ ಹತ್ತು ವರ್ಷದಿಂದ ಸಕ್ಕರೆ ಇದೆ, ಯಾವ ವೈದ್ಯರಲ್ಲಿ ಮೊದಲು ಕೇಳಬೇಕು ಎಂದು ವಿಚಾರಿಸಿದರು.