ಪದವಿ ಇದ್ದರೆ ಸಾಕೇ?

ಧನಕವಡಿಯಲ್ಲಿ ನಮ್ಮ ಮನೆಯ ಸುತ್ತ ಕಾಲೇಜು, ಹಾಸ್ಟೆಲುಗಳೇ. ಇಲ್ಲಿನ ಎಂಜಿನಿಯರ್ ಗೆಳೆಯರಿಂದ ಆಗಾಗ ಕೇಳುವ ಮಾತು: ‘ಈ ದೇಶಕ್ಕೊಬ್ಬ ಹಿಟ್ಲರ್ ಬೇಕು.’ ಪುಸ್ತಕದಂಗಡಿಗಳಲ್ಲೂ ಅವನ ಆತ್ಮಕಥೆ ವ್ಯಕ್ತಿತ್ವ ವಿಕಸನದ ಪುಸ್ತಕಗಳ ಪಕ್ಕದಲ್ಲೇ ಇರುತ್ತದೆ.

ಹೀಗೆನ್ನುವವರಿಗೆ ಯಹೂದಿಗಳ ಮೇಲೆ ದ್ವೇಷವೇನಿಲ್ಲ. ಹಲವರು ಯಹೂದಿಯೊಬ್ಬರನ್ನು ಕಂಡೂ ಇಲ್ಲ. ಆದರೆ ಇದೇ ಪುಣೆಯ ಕ್ಯಾಂಪ್‌ನಲ್ಲಿ ಡೇವಿಡ್ ಸಸೂನ್ ಕಟ್ಟಿಸಿದ, 1867ರಲ್ಲಿ ಪೂರ್ಣಗೊಂಡ ಯಹೂದಿ ಪ್ರಾರ್ಥನಾಲಯವಿದೆ. ಕೆಂಪು ಇಟ್ಟಿಗೆಯ ಅದು ಊರವರಿಗೆ ‘ಲಾಲ್ ದೇವಳ್’. ಕೊಂಕಣದ ಬೆನೆ ಇಸ್ರೇಲಿಗಳು ಎಣ್ಣೆ ತೆಗೆಯುವ ಗಾಣಿಗರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ‘ಶನಿವಾರ ತೇಲಿ’ಗಳಾದರು. ಶಾಲೆಯ ಮುಖ ಕಾಣದ ನೆರೆಹೊರೆ ಅವರಿಗೆ ಹೆಸರಿಟ್ಟಿತೇ ಹೊರತು ಹೊರಗಟ್ಟಲಿಲ್ಲ.

ಇನ್ನೊಂದೆಡೆ, 1942ರ ಜನವರಿ 20ರಂದು ಬರ್ಲಿನ್ನಿನ ವಾನ್‌ಸೀಯಲ್ಲಿ ಯಹೂದಿಗಳ ಸಾಮೂಹಿಕ ಹತ್ಯೆಯ ಕೆಲಸ ಹಂಚಿಕೊಳ್ಳಲು ಕೂತ 15 ಮಂದಿಯಲ್ಲಿ ಅರ್ಧಕ್ಕೂ ಹೆಚ್ಚಿನವರು ಡಾಕ್ಟರೇಟ್ ಪಡೆದವರು!

ಓದು ತಾನಾಗಿ ದ್ವೇಷ ಕರಗಿಸದು. ಏನನ್ನು ಓದಿದೆವು, ಯಾರೊಡನೆ ಬಾಳಿದೆವು ಎಂಬುದೂ ಮುಖ್ಯ. ಮಕ್ಕಳಿಗೆ ಶನಿವಾರವಾಡೆ ತೋರಿಸುವ ನಾವು ಲಾಲ್ ದೇವಳ್ ಮುಂದೆಯೂ ಐದು ನಿಮಿಷ ನಿಲ್ಲೋಣ. ಆ ‘ಶಿಸ್ತಿನ ನಾಯಕ’ನ ಆಳ್ವಿಕೆ ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದಿತೆಂದು ಹೇಳೋಣ. ಅಂಕಪಟ್ಟಿಯಲ್ಲಿ ಬಾರದ ಪಾಠವನ್ನು ಮನೆಯವರೇ ಕಲಿಸಬೇಕು.